ಗ್ಯಾಲಕ್ಸಿ ಎಷ್ಟು ದೊಡ್ಡದು ಅಂತಲ್ಲ, ಒಂದೇ ಕಡೆ ಎಷ್ಟು ಜನ ಸೇರಬಹುದು ಅಂತ ಕೇಳಿ

ಹೊಸ ಸೈನ್ಸ್ ಫಿಕ್ಷನ್ ಆನ್‌ಲೈನ್ ಗೇಮ್ ಒಂದರ ಟ್ರೇಲರ್ ಬಂದರೆ ಸಾಕು, ಅಭಿಮಾನಿಗಳ ಪ್ರಶ್ನೆಗಳು ಶುರುವಾಗುತ್ತವೆ. ಎಷ್ಟು ಗ್ರಹಗಳಿವೆ? ಗ್ರಹಕ್ಕೆ ಇಳಿಯುವಾಗ ಲೋಡಿಂಗ್ ಸ್ಕ್ರೀನ್ ಬರುತ್ತಾ? ಎಲ್ಲರೂ ಒಂದೇ ಲೋಕದಲ್ಲಿ ಇರ್ತೀವಾ? ದುಡ್ಡು ಸುರಿದವನೇ ಗೆಲ್ಲೋದಾ? ಎರಡು ವರ್ಷಕ್ಕೆ ಮುಚ್ಚಿಬಿಟ್ಟರೆ ಏನು ಗತಿ?

ನಾನು ಇಂಥ ಗೇಮ್‌ಗಳ ಸರ್ವರ್ ಕಡೆ, ಅಂದರೆ ಆಟಗಾರರನ್ನೆಲ್ಲ ಜೋಡಿಸಿ ಆ ಲೋಕವನ್ನು ನಡೆಸುವ ಕಂಪ್ಯೂಟರುಗಳ ಕಡೆ, ಕೆಲಸ ಮಾಡುವವನು. ಪರದೆ ಮೇಲೆ ಕಾಣುವ ಚಿತ್ರ, ಸಂಗೀತ, ಕಥೆ ಯಾವುದೂ ನನ್ನ ಕೈಯಲ್ಲಿಲ್ಲ. ಸಾವಿರಾರು ಜನ ಒಟ್ಟಿಗೆ ನುಗ್ಗಿದಾಗ ಆ ಲೋಕ ಕುಸಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಕೂತು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ನಮ್ಮ ಪಾಲಿಗೆ ಅತಿ ಸುಲಭವಾದ ಸಂಗತಿಗೆ ಜನ ಮರುಳಾಗುತ್ತಾರೆ, ಅತಿ ಕಷ್ಟವಾದದ್ದರ ಬಗ್ಗೆ ಕೇಳುವುದೇ ಇಲ್ಲ.

ಸುಲಭವಾದದ್ದು ಯಾವುದು ಗೊತ್ತಾ? ಗ್ರಹಗಳ ಸಂಖ್ಯೆ.

2016ರ ಆಗಸ್ಟ್‌ನಲ್ಲಿ ಬಂದ ನೋ ಮ್ಯಾನ್ಸ್ ಸ್ಕೈ ಅನ್ನುವ ಗೇಮ್ ನೆನಪಿರಬಹುದು. ಅದರಲ್ಲಿರುವ ಗ್ರಹಗಳ ಸಂಖ್ಯೆ ಬರೆಯಬೇಕಾದರೆ 18ರ ಮುಂದೆ 18 ಸೊನ್ನೆ ಹಾಕಬೇಕು. ಹೆಲೋ ಗೇಮ್ಸ್ ಅನ್ನುವ ಪುಟ್ಟ ತಂಡ ಅಷ್ಟನ್ನು ಹೇಗೆ ಮಾಡಿತು? ಅವರು ಗ್ರಹಗಳನ್ನು ಎಲ್ಲೂ ಇಟ್ಟುಕೊಂಡಿಲ್ಲ. ಪ್ರತಿ ಗ್ರಹಕ್ಕೂ ಒಂದು ಸಂಖ್ಯೆ ಇದೆ, ಅಷ್ಟೇ. ನೀವು ಹತ್ತಿರ ಹೋದಾಗ ನಿಮ್ಮ ಕಂಪ್ಯೂಟರೇ ಆ ಸಂಖ್ಯೆಯನ್ನು ಸೂತ್ರಕ್ಕೆ ಹಾಕಿ ಬೆಟ್ಟ, ನೀರು, ಗಿಡ, ಪ್ರಾಣಿಗಳನ್ನು ಹುಟ್ಟಿಸುತ್ತದೆ. ಅದೇ ಸಂಖ್ಯೆಗೆ ಯಾವಾಗಲೂ ಅದೇ ಬೆಟ್ಟ ಬರುತ್ತದೆ. ಅದ್ಭುತವಾದ ತಂತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡುಗಡೆಯಾದ ಹೊಸದರಲ್ಲೇ ಇಬ್ಬರು ಆಟಗಾರರು ಮಾತಾಡಿಕೊಂಡು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು, ಒಬ್ಬರಿಗೊಬ್ಬರು ಕಾಣಲೇ ಇಲ್ಲ. ಜನಕ್ಕೆ ಸಿಟ್ಟು ಬಂತು. ಒಬ್ಬರಿಗೊಬ್ಬರು ಕಂಡು, ಕೂಡಿ ಆಡುವ ಪೂರ್ಣ ವ್ಯವಸ್ಥೆ ಬರಲು 2018ರ ಜುಲೈವರೆಗೆ ಕಾಯಬೇಕಾಯಿತು. ಎಣಿಸಲಾರದಷ್ಟು ಗ್ರಹಗಳು ಮೊದಲ ದಿನವೇ ಇದ್ದವು, ಇಬ್ಬರನ್ನು ಸರಿಯಾಗಿ ಒಂದೆಡೆ ಸೇರಿಸಲು ಸುಮಾರು ಎರಡು ವರ್ಷ ಬೇಕಾಯಿತು. ನನ್ನ ವೃತ್ತಿಯಲ್ಲಿ ಯಾವುದು ಅಗ್ಗ, ಯಾವುದು ದುಬಾರಿ ಅಂತ ತಿಳಿಯಲು ಇದೊಂದು ಉದಾಹರಣೆ ಸಾಕು.

ಯಾಕೆ ದುಬಾರಿ ಅಂತ ಲೆಕ್ಕ ಹಾಕಿ ನೋಡೋಣ.

ಒಂದು ಜಾಗದಲ್ಲಿ 10 ಜನ ಇದ್ದಾರೆ ಅಂದುಕೊಳ್ಳಿ. ಪ್ರತಿಯೊಬ್ಬರಿಗೂ ಉಳಿದ 9 ಜನ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಸರ್ವರ್ ಹೇಳಬೇಕು. ಅಂದರೆ 90 ಸುದ್ದಿ. 100 ಜನ ಆದರೆ 9,900. ಸಾವಿರ ಜನ ಆದರೆ 9,99,000, ಹತ್ತಿರ ಹತ್ತಿರ ಹತ್ತು ಲಕ್ಷ. ಜನ ನೂರು ಪಟ್ಟು ಹೆಚ್ಚಿದರೆ ಕೆಲಸ ಸುಮಾರು ಹನ್ನೊಂದು ಸಾವಿರ ಪಟ್ಟು ಹೆಚ್ಚುತ್ತದೆ. ಇದು ಒಂದು ಸಲದ ಲೆಕ್ಕ ಮಾತ್ರ. ಗುರಿಯಿಟ್ಟು ಗುಂಡು ಹೊಡೆಯುವ ಗೇಮ್ ಆದರೆ ಸೆಕೆಂಡಿಗೆ 30 ಸಲವೋ 60 ಸಲವೋ ಇಷ್ಟನ್ನೂ ಮಾಡಬೇಕು. ಹಾಗಾಗಿ ದೂರ ಇರುವವರ ಸುದ್ದಿ ಅಪರೂಪಕ್ಕೆ ಕಳಿಸುತ್ತೇವೆ, ಬೆನ್ನ ಹಿಂದೆ ಇರುವವರದ್ದನ್ನು ಕಡಿಮೆ ಮಾಡುತ್ತೇವೆ, ಗೋಡೆಯಾಚೆ ಇರುವವರದ್ದನ್ನು ಬಿಟ್ಟೇಬಿಡುತ್ತೇವೆ. ಇಷ್ಟೆಲ್ಲ ಮಾಡಿದ ಮೇಲೂ, ಎಲ್ಲರೂ ಒಂದೇ ಬಾಹ್ಯಾಕಾಶ ನಿಲ್ದಾಣದ ಮುಂದೆ ಯುದ್ಧಕ್ಕೆ ನಿಂತರೆ ಬಿಡುವುದಕ್ಕೆ ಏನೂ ಉಳಿಯುವುದಿಲ್ಲ. ಬಾಹ್ಯಾಕಾಶದಲ್ಲಿ ಗೋಡೆ ಇಲ್ಲವಲ್ಲ, ಎಲ್ಲರಿಗೂ ಎಲ್ಲರೂ ಕಾಣಬೇಕು.

ಇದನ್ನು ತುಂಬಾ ಪ್ರಾಮಾಣಿಕವಾಗಿ ಎದುರಿಸಿದ್ದು ಬಾಹ್ಯಾಕಾಶದ ಗೇಮ್ ಆದ ಈವ್ ಆನ್‌ಲೈನ್. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ ಅದನ್ನು 2003ರ ಮೇ ತಿಂಗಳಲ್ಲಿ ಶುರು ಮಾಡಿತು. ಚೀನಾದ ಸರ್ವರ್ ಬೇರೆ, ಅದನ್ನು ಬಿಟ್ಟರೆ ಎಲ್ಲರೂ ಒಂದೇ ಲೋಕದಲ್ಲಿ ಆಡುತ್ತಾರೆ. ಅಲ್ಲಿ ಸರ್ವರ್ ಸೆಕೆಂಡಿಗೆ ಒಂದೇ ಸಲ ಲೆಕ್ಕ ಮಾಡುತ್ತದೆ. ದೊಡ್ಡ ಯುದ್ಧ ಬಂದು ಅದೂ ಸಾಲದೆ ಹೋದರೆ ಆಟದೊಳಗಿನ ಕಾಲವನ್ನೇ ನಿಧಾನ ಮಾಡುತ್ತಾರೆ, ಹತ್ತರಲ್ಲಿ ಒಂದು ಪಾಲಿನವರೆಗೆ. ಒಂದು ಸೆಕೆಂಡಿನ ಕೆಲಸಕ್ಕೆ ಹತ್ತು ಸೆಕೆಂಡು ಹಿಡಿಯುತ್ತದೆ, ಆದರೆ ಆಟಗಾರರ ಆದೇಶಗಳು ಕಳೆದುಹೋಗುವುದು ಕಡಿಮೆಯಾಗುತ್ತದೆ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಅನ್ನುವ ಸೌರಮಂಡಲದಲ್ಲಿ ನಡೆದ ಯುದ್ಧ ಹೀಗೇ ಸುಮಾರು 21 ಗಂಟೆ ನಡೆಯಿತು. ಒಟ್ಟು 7,500ಕ್ಕೂ ಜಾಸ್ತಿ ಜನ ಬಂದು ಹೋದರು, ಆ ಗೇಮಿನ ಅತಿ ದೊಡ್ಡ ನೌಕೆಗಳಾದ ಟೈಟನ್‌ಗಳು 75 ನಾಶವಾದವು. ಇಷ್ಟಕ್ಕೂ ಕಾರಣ ಏನು ಅಂದರೆ, ಆ ಜಾಗದ ಒಡೆತನಕ್ಕೆ ಆಟದೊಳಗೆ ಕಟ್ಟಬೇಕಿದ್ದ ಬಿಲ್ ಪಾವತಿಯಾಗಿರಲಿಲ್ಲ! ಯಾವ ಕಥೆಗಾರನೂ ಬರೆದುಕೊಡದ ಇಂಥ ಘಟನೆಗಳಿಗಾಗಿಯೇ ನನಗೆ ಆನ್‌ಲೈನ್ ಗೇಮ್ ಅಂದರೆ ಇಷ್ಟ.

ಹೊಸ ಗೇಮಿನಿಂದ ಅಭಿಮಾನಿಗಳು ಸಾಮಾನ್ಯವಾಗಿ ಎರಡನ್ನೂ ಬಯಸುತ್ತಾರೆ. ಈವ್‌ನಂತೆ ಸಾವಿರಾರು ಜನರ ಯುದ್ಧವೂ ಬೇಕು, ತಾನೇ ಕಾಕ್‌ಪಿಟ್‌ನಲ್ಲಿ ಕೂತು ಗುರಿಯಿಟ್ಟು ಹೊಡೆಯಲೂ ಬೇಕು. ಸಾವಿರ ಜನರ ನಡುವೆ ಸೆಕೆಂಡಿಗೆ ಒಂದು ಸಲದ ಲೆಕ್ಕ ಬೇರೆ, ಅರವತ್ತು ಸಲದ ಲೆಕ್ಕವೇ ಬೇರೆ. ತಯಾರಕರು ಎರಡನ್ನೂ ಕೊಡುತ್ತೇವೆ ಅಂದರೆ, ಒಂದು ಯುದ್ಧದಲ್ಲಿ ಎಷ್ಟು ಜನ ಅಂತ ಬಾಯಿಬಿಟ್ಟು ಸಂಖ್ಯೆ ಹೇಳಲಿ. 64 ಅಂದರೂ ಬೇಜಾರಿಲ್ಲ, ಅಷ್ಟರಲ್ಲೇ ಒಳ್ಳೆ ಯುದ್ಧ ಕಟ್ಟಬಹುದು. ಸಂಖ್ಯೆ ಹೇಳದೆ ‘ಬೃಹತ್ ಯುದ್ಧಗಳು’ ಅಂತ ಮಾತ್ರ ಹೇಳುತ್ತಿದ್ದರೆ ನಾನಂತೂ ಮುಂಗಡ ದುಡ್ಡು ಕೊಡುವುದಿಲ್ಲ.

ಹಾಗಾದರೆ ಒಂದು ಸರ್ವರ್ ಬದಲು ಹತ್ತು ಸರ್ವರ್ ಹಾಕಿ ಲೋಕವನ್ನು ಹಂಚಿಬಿಡಬಹುದಲ್ವಾ? ಹಾಕಬಹುದು. ಸ್ಟಾರ್ ಸಿಟಿಜನ್ ಮಾಡುತ್ತಿರುವುದು ಅದನ್ನೇ. 2012ರಲ್ಲಿ ಅಭಿಮಾನಿಗಳಿಂದ ಹಣ ಸೇರಿಸಿ ಶುರುವಾದ ಆ ಗೇಮ್ 2014ರಲ್ಲೇ ಬರಬೇಕಿತ್ತು. ಸಂಗ್ರಹವಾದ ದುಡ್ಡು 70 ಕೋಟಿ ಡಾಲರ್ ದಾಟಿದೆ. ಹಲವು ಸರ್ವರ್‌ಗಳು ಸೇರಿ ಒಂದೇ ಲೋಕ ನಡೆಸುವ ವ್ಯವಸ್ಥೆಯ ಮೊದಲ ರೂಪ ಆಟಗಾರರ ಕೈಗೆ ಬಂದದ್ದು 2024ರ ಕೊನೆಗೆ. ಅಷ್ಟು ಕಷ್ಟ ಎಲ್ಲಿದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ.

ನಿಮ್ಮ ನೌಕೆಯಲ್ಲಿ ದುಬಾರಿ ಅದಿರು ತುಂಬಿದೆ. ನೀವು ಮೊದಲ ಸರ್ವರಿನ ಗಡಿ ದಾಟಿ ಎರಡನೆಯದರ ಪ್ರದೇಶಕ್ಕೆ ಹೋಗುತ್ತಿದ್ದೀರಿ. ಮೊದಲನೆಯದು ‘ಈ ನೌಕೆ ಇನ್ನು ನನ್ನದಲ್ಲ’ ಅಂತ ಅಳಿಸಿಬಿಟ್ಟ ಕ್ಷಣದಲ್ಲೇ ಎರಡನೆಯದು ಕೆಟ್ಟು ನಿಂತರೆ ನಿಮ್ಮ ನೌಕೆ ಮಾಯ. ಎರಡನೆಯದು ನೌಕೆಯನ್ನು ಹುಟ್ಟಿಸಿದ ಮೇಲೂ ಮೊದಲನೆಯದು ಅಳಿಸುವುದನ್ನು ತಪ್ಪಿಸಿಕೊಂಡರೆ ಎರಡು ನೌಕೆ, ಎರಡು ಪಾಲು ಅದಿರು. ಮಾಯವಾದರೆ ಒಬ್ಬರಿಗೆ ನಷ್ಟ, ಸರಿಪಡಿಸಿ ಕೊಡಬಹುದು. ಎರಡಾದರೆ ಇಡೀ ಆಟದ ಮಾರುಕಟ್ಟೆಗೇ ಪೆಟ್ಟು, ಯಾಕೆಂದರೆ ಈ ಸಂದು ಸಿಕ್ಕವರು ರಾತ್ರಿಯೆಲ್ಲಾ ಅದನ್ನೇ ಮಾಡಿ ಅದಿರಿಗೆ ಬೆಲೆಯೇ ಇಲ್ಲದಂತೆ ಮಾಡುತ್ತಾರೆ. ಅದಕ್ಕೇ ಒಡೆತನದ ದಾಖಲೆಯನ್ನು ಈ ಎರಡೂ ಸರ್ವರ್‌ಗಳಲ್ಲಿ ಇಡದೆ ಮೂರನೇ ಜಾಗದಲ್ಲಿ ಇಡುತ್ತೇವೆ. ಮೊದಲನೆಯದು ನೌಕೆಯನ್ನು ಅಲುಗದಂತೆ ಹಿಡಿಯಬೇಕು, ಎರಡನೆಯದು ನಕಲು ತಯಾರು ಮಾಡಿಕೊಳ್ಳಬೇಕು, ದಾಖಲೆಯಲ್ಲಿ ಹೆಸರು ಒಂದೇ ಏಟಿಗೆ ಬದಲಾಗಬೇಕು, ಆಮೇಲಷ್ಟೇ ಮೊದಲನೆಯದು ಕೈ ಬಿಡಬೇಕು. ಇಷ್ಟೂ ನಿಮಗೆ ಗೊತ್ತಾಗದಷ್ಟು ಬೇಗ ಮುಗಿಯಬೇಕು, ಹಿಂದಿನಿಂದ ಒಬ್ಬ ನಿಮ್ಮ ಮೇಲೆ ಗುಂಡು ಹಾರಿಸುತ್ತಿದ್ದರೂ ಸಹ. ಸರಿಯಾಗಿ ಆ ಹೊತ್ತಿಗೆ ಬೇಕಂತಲೇ ಇಂಟರ್ನೆಟ್ ಕೇಬಲ್ ಕಿತ್ತು ನೋಡುವವರೂ ಇದ್ದಾರೆ. ಅದಕ್ಕೂ ಉತ್ತರ ಇರಬೇಕು.

ಬಿಡುಗಡೆಯ ದಿನದ ಆತಂಕ ಎಲ್ಲರಿಗೂ ಗೊತ್ತಿರುವುದೇ. ರಜೆ ಹಾಕಿ ಕೂತರೆ ಲಾಗಿನ್ನೇ ಆಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಹೆಲ್‌ಡೈವರ್ಸ್ 2 ಅನ್ನುವ ಗೇಮ್ ಬಂದಾಗ ತಯಾರಕರ ಎಣಿಕೆ ಮೀರಿ ಜನ ಬಂದರು. ಒಂದೇ ಹೊತ್ತಿಗೆ 4.5 ಲಕ್ಷ ಜನ ಅಂತ ಮಿತಿ ಹಾಕಬೇಕಾಯಿತು, ಆಮೇಲೆ ಅದನ್ನು 7 ಲಕ್ಷಕ್ಕೆ ಏರಿಸಿದರು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಸರ್ವರ್ ಸರಿಹೋಗುವವರೆಗೆ ಕಾಯಿರಿ ಅಂತ ಕಂಪನಿಯ ಆಗಿನ ಮುಖ್ಯಸ್ಥ ಯೋಹಾನ್ ಪಿಲೆಸ್ಟೆಡ್ ಅವರೇ ಹೇಳಿದರು. ಹಾಗೆ ಹೇಳಲು ಧೈರ್ಯ ಬೇಕು.

‘ಇನ್ನೊಂದಷ್ಟು ಸರ್ವರ್ ಹಾಕಲು ಇವರಿಗೇನು ಕಷ್ಟ’ ಅಂತ ಜನ ಬೈಯುತ್ತಾರೆ. ಮೆಷಿನ್‌ಗಳನ್ನು ಬಾಡಿಗೆಗೆ ತರುವುದು ಈಗ ನಿಮಿಷಗಳ ಕೆಲಸ. ಆದರೆ ಹೊಸದಾಗಿ ಬಂದ ಆ ಮೆಷಿನ್‌ಗಳೆಲ್ಲ ಕೊನೆಗೆ ಹೋಗಿ ಕೇಳುವುದು ಅದೇ ಲಾಗಿನ್ ವ್ಯವಸ್ಥೆಯನ್ನು, ಅದೇ ಡೇಟಾಬೇಸನ್ನು. ಅಲ್ಲಿ ಗಂಟಲು ಕಟ್ಟಿದರೆ ಮೆಷಿನ್ ಹೆಚ್ಚಿಸಿದಷ್ಟೂ ಪರಿಸ್ಥಿತಿ ಹದಗೆಡುತ್ತದೆ. ಜೊತೆಗೆ ಒಳಗೆ ಹೋಗಲಾಗದವರು ಸುಮ್ನೆ ಕೂರುವುದಿಲ್ಲ, ಮತ್ತೆ ಮತ್ತೆ ಬಟನ್ ಒತ್ತುತ್ತಾರೆ, ಒಂದೊಂದು ಒತ್ತಿಗೂ ಹೊಸ ಕೋರಿಕೆ. ಹೀಗಾಗಿ ಕ್ಯೂ ಕಂಡರೆ ಸಿಟ್ಟಾಗಬೇಡಿ. ಕ್ಯೂ ಇದೆ ಅಂದರೆ ಒಳಗೆ ಯಾರೋ ಯೋಚನೆ ಮಾಡಿದ್ದಾರೆ, ಒಳಗಿರುವವರ ಆಟ ಉಳಿದಿದೆ. ಒಳಗೆ ಹೋದ ಮೇಲೆ ನೀವು ಗಳಿಸಿದ್ದು ಸೇವ್ ಆಗದಿದ್ದರೆ ಆಗ ಸಿಟ್ಟಾಗಿ, ಅದಕ್ಕೆ ಅರ್ಥವಿದೆ.

ದುಡ್ಡಿನ ವಿಷಯ ಸರ್ವರ್ ಕೆಲಸದವನದ್ದಲ್ಲ, ಆದರೂ ಅದರ ಬಿಸಿ ನಮಗೂ ತಟ್ಟುತ್ತದೆ. 2011ರ ಬೇಸಿಗೆಯಲ್ಲಿ ಈವ್‌ನೊಳಗೆ ಸುಮಾರು 60 ಡಾಲರಿನ, ಆಟದ ಪಾತ್ರ ಒಂದೇ ಕಣ್ಣಿಗೆ ಹಾಕುವ ಕನ್ನಡಕ ಮಾರಾಟಕ್ಕೆ ಬಂತು. ಬರೀ ಅಲಂಕಾರ, ಅದರಿಂದ ಯಾರೂ ಯುದ್ಧ ಗೆಲ್ಲುತ್ತಿರಲಿಲ್ಲ. ಇವತ್ತು ಅಲಂಕಾರ ಮಾರಿದವರು ನಾಳೆ ಬಂದೂಕು ಮಾರುತ್ತಾರೆ ಅನ್ನುವುದು ಆಟಗಾರರ ಭಯ. ಜೀಟಾ ಅನ್ನುವ ವ್ಯಾಪಾರ ಕೇಂದ್ರದಲ್ಲಿ ನೌಕೆಗಳನ್ನು ತಂದು ನಿಲ್ಲಿಸಿ ಅಲ್ಲಿನ ಸ್ಮಾರಕದ ಮೇಲೆ ಗುಂಡಿನ ಮಳೆ ಸುರಿಸಿದರು. ಆಟಗಾರರೇ ಆರಿಸಿದ ಪ್ರತಿನಿಧಿಗಳ ಮಂಡಳಿಯನ್ನು ಕಂಪನಿ ಐಸ್‌ಲ್ಯಾಂಡಿಗೆ ಕರೆಸಿ ಮಾತಾಡಬೇಕಾಯಿತು. ಅಂಗಡಿಯಲ್ಲಿ ಇವತ್ತು ಏನಿದೆ ಅನ್ನುವುದಕ್ಕಿಂತ, ಆಟಗಾರರ ಮಾತು ತಲುಪುವ ಇಂಥ ಒಂದು ದಾರಿ ಇದೆಯಾ ಅನ್ನುವುದು ಮುಖ್ಯ. ಅದಿಲ್ಲದೆ ಏನಾಗುತ್ತದೆ ಅಂತ ನೋಡಬೇಕಾದರೆ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಅನ್ನುವ ಗೇಮಿನ ಕಥೆ ಇದೆ. 2005ರ ನವೆಂಬರ್‌ನಲ್ಲಿ ಅದರ ಮೂವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಒಂದೇ ಅಪ್‌ಡೇಟಿನಲ್ಲಿ 9ಕ್ಕೆ ಇಳಿಸಿದರು. ನೃತ್ಯ ಮಾಡಿಕೊಂಡು, ಅಂಗಡಿ ಇಟ್ಟುಕೊಂಡು, ಪ್ರಾಣಿ ಸಾಕಿಕೊಂಡು ವರ್ಷಗಟ್ಟಲೆ ಆಡಿದವರು ಬೆಳಗ್ಗೆ ಎದ್ದು ನೋಡಿದರೆ ಅದು ಬೇರೆಯೇ ಗೇಮ್. ತುಂಬಾ ಜನ ಬಿಟ್ಟು ಹೋದರು, 2011ರ ಡಿಸೆಂಬರ್‌ನಲ್ಲಿ ಸರ್ವರ್ ನಿಂತಿತು.

ಇನ್ನು ಎಲ್ಲಕ್ಕಿಂತ ದೊಡ್ಡ ಭಯ, ಮುಚ್ಚುವುದು. ಇದು ಸುಳ್ಳು ಭಯವಲ್ಲ. ಕಾಂಕರ್ಡ್ ಅನ್ನುವ ಗೇಮ್ 2024ರ ಆಗಸ್ಟ್ 23ರಂದು ಬಂತು, ಸೆಪ್ಟೆಂಬರ್ 6ಕ್ಕೆ ನಿಂತಿತು. ಕೊಂಡವರಿಗೆ ದುಡ್ಡು ವಾಪಸ್ ಸಿಕ್ಕಿತು ಅನ್ನುವುದೊಂದೇ ಸಮಾಧಾನ. ಸೇವೆ ನಿಂತ ಮೇಲೆ ಕೊಂಡ ಗೇಮನ್ನು ಏನೂ ಮಾಡಲಾಗದ ಸ್ಥಿತಿ ಬೇಡ ಅಂತ ಯುರೋಪಿನಲ್ಲಿ ಶುರುವಾದ ಅರ್ಜಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ನಾನು ಆ ಬೇಡಿಕೆಯ ಪರ. ಆದರೆ ‘ಸರ್ವರ್ ಫೈಲ್ ಕೊಟ್ಟುಬಿಡಿ’ ಅನ್ನುವಷ್ಟು ಸುಲಭವಲ್ಲ ಅಂತಲೂ ಹೇಳಬೇಕು. ಸರ್ವರ್ ಅನ್ನುವುದು ಒಂದೇ ಫೈಲ್ ಅಲ್ಲ. ಲಾಗಿನ್‌ಗೆ ಒಂದು, ಜನರನ್ನು ಜೋಡಿಸಲು ಒಂದು, ಸಾಮಾನಿನ ಲೆಕ್ಕಕ್ಕೆ ಒಂದು, ಆಟಗಾರರ ಚಾಟ್ ಮಾತುಕತೆಗೆ ಒಂದು ಹೀಗೆ ಹತ್ತಾರು ಪ್ರೋಗ್ರಾಂಗಳು ಕೂಡಿ ಓಡುತ್ತವೆ, ಅದರಲ್ಲಿ ಕೆಲವು ಬೇರೆ ಕಂಪನಿಗಳಿಂದ ಲೈಸೆನ್ಸ್ ಪಡೆದು ತಂದದ್ದು, ಅದನ್ನು ಹಂಚುವ ಹಕ್ಕು ಗೇಮ್ ಮಾಡಿದವರಿಗೇ ಇರುವುದಿಲ್ಲ. ಮುಚ್ಚುವ ವಾರದಲ್ಲಿ ಇದನ್ನೆಲ್ಲ ಬಿಡಿಸಲು ಆಗುವುದಿಲ್ಲ. ಮೊದಲ ವರ್ಷವೇ ಅದಕ್ಕೆ ತಕ್ಕಂತೆ ಕಟ್ಟಿದರೆ ಖಂಡಿತ ಆಗುತ್ತದೆ. ಸೂಪರ್‌ಹೀರೋ ಗೇಮ್ ಸಿಟಿ ಆಫ್ ಹೀರೋಸ್ 2012ರಲ್ಲಿ ಮುಚ್ಚಿತ್ತು, 2024ರ ಜನವರಿಯಲ್ಲಿ ಅಭಿಮಾನಿಗಳೇ ನಡೆಸುವ ಹೋಮ್‌ಕಮಿಂಗ್ ಸರ್ವರ್‌ಗೆ ಅದರ ಒಡೆತನದ ಕಂಪನಿ ಅಧಿಕೃತ ಅನುಮತಿ ಕೊಟ್ಟಿತು. ದಾರಿ ಇದೆ. ಹಾಗಾಗಿ ಗೇಮ್ ಬರುವ ಮೊದಲೇ ಕೇಳಿ, ಬಂದ ಮೇಲೆ ಕೇಳಿದರೆ ತಡ.

ಬೀಟಾಕ್ಕೆ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷೆಯ ಆಟಕ್ಕೆ, ಅವಕಾಶ ಸಿಕ್ಕವರು ಸಾಮಾನ್ಯವಾಗಿ ಒಳ್ಳೆಯ ನೌಕೆ ಯಾವುದು ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತಾರೆ. ಆ ನೌಕೆಗಳೆಲ್ಲ ಬಿಡುಗಡೆ ಹೊತ್ತಿಗೆ ಅಳಿಸಿ ಹೋಗುತ್ತವೆ, ಶಕ್ತಿಯ ಲೆಕ್ಕವೂ ಬದಲಾಗಿರುತ್ತದೆ. ಅದರ ಬದಲು ಗೆಳೆಯರನ್ನೆಲ್ಲ ಒಂದೇ ನಿಲ್ದಾಣಕ್ಕೆ ಕರೆಯಿರಿ. ಎಲ್ಲರೂ ಒಟ್ಟಿಗೆ ಗುಂಡು ಹಾರಿಸಿ. ಸಾಮಾನು ತುಂಬಿಕೊಂಡು ಗಡಿಗಳನ್ನು ದಾಟಿ, ದಾಟುವಾಗಲೇ ಲಾಗೌಟ್ ಆಗಿ, ವಾಪಸ್ ಬಂದು ಸಾಮಾನು ಎಣಿಸಿ. ಏನಾದರೂ ಕೆಟ್ಟರೆ ‘ತುಂಬಾ ಲ್ಯಾಗ್’ (ಆಟ ತಡೆತಡೆದು ಓಡುತ್ತಿದೆ) ಅಂತಷ್ಟೇ ಬರೆಯಬೇಡಿ. ಯಾವ ಜಾಗ, ಎಷ್ಟು ಗಂಟೆ ಎಷ್ಟು ನಿಮಿಷ, ಸುತ್ತ ಸುಮಾರು ಎಷ್ಟು ಜನ ಇದ್ದರು, ಏನು ಮಾಡುತ್ತಿದ್ದಿರಿ ಅಂತ ಬರೆಯಿರಿ. ಆ ನಿಮಿಷದ ಲಾಗ್, ಅಂದರೆ ಸರ್ವರ್ ಬರೆದಿಟ್ಟ ದಾಖಲೆ, ತೆರೆದು ನಿಮ್ಮ ನೌಕೆ ಎಲ್ಲಿ ತಪ್ಪಿಹೋಯಿತು ಅಂತ ಹುಡುಕಲು ನಮಗೆ ಅಷ್ಟು ಸಾಕು.