ಐದಕ್ಕೆ ಏಳದ ಹುಡುಗ ಸೋಮಾರಿಯಲ್ಲ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ನಮ್ಮಲ್ಲಿ ಒಂದು ವ್ರತ ಶುರುವಾಗುತ್ತದೆ: ಮಕ್ಕಳನ್ನು ಬೆಳಗಿನ ಐದಕ್ಕೆ ಎಬ್ಬಿಸುವುದು. ಕೆಲವು ಕಡೆ ಮೇಷ್ಟ್ರೇ ಫೋನ್ ಮಾಡಿ ಎಬ್ಬಿಸುತ್ತಾರೆ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದಂತೆ. ಆ ಮುಹೂರ್ತಕ್ಕೆ ಏಳುತ್ತಿದ್ದ ಹಿರಿಯರು ಹಿಂದಿನ ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹನ್ನೊಂದೂವರೆಗೆ ನಿದ್ದೆ ಹತ್ತಿದವನನ್ನು ಐದಕ್ಕೆ ಎಬ್ಬಿಸಿದರೆ ಅವನಿಗೆ ಸಿಕ್ಕಿದ್ದು ಐದೂವರೆ ಗಂಟೆ. ಆ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು.

'ಹಾಗಾದರೆ ಬೇಗ ಮಲಗಲಿ' ಎನ್ನುತ್ತೀರಿ. ಮಲಗಬಹುದು, ನಿದ್ದೆ ಬರಬೇಕಲ್ಲ?

ನಿದ್ದೆ ಬರುವುದಕ್ಕೆ ಎರಡು ಸಂಗತಿಗಳು ಕೂಡಿಬರಬೇಕು. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಯ ಒತ್ತಡ ಏರುತ್ತದೆ, ದೋಸೆ ಹಿಟ್ಟು ಉಬ್ಬಿದ ಹಾಗೆ. ಚಿಕ್ಕ ಮಕ್ಕಳದು ಬೇಸಿಗೆಯ ಹಿಟ್ಟು. ಸಂಜೆಯಾಗುವಷ್ಟರಲ್ಲಿ ಪಾತ್ರೆ ಮೀರಿ ಉಕ್ಕುತ್ತದೆ, ತಟ್ಟೆಯ ಮುಂದೆಯೇ ತೂಕಡಿಸುತ್ತಾರೆ. ಹದಿಹರೆಯದವರದು ಮಲೆನಾಡಿನ ಚಳಿಗಾಲದ ಹಿಟ್ಟು. ಬೈದರೂ ಉಬ್ಬುವುದಿಲ್ಲ. ಇನ್ನೊಂದು, ಮೆದುಳಿನ ಗಡಿಯಾರ. ಕತ್ತಲಾದ ಮೇಲೆ ಅದು ಮೆಲಟೋನಿನ್ ಎಂಬ ಹಾರ್ಮೋನು ಹರಿಸಿ, ಮಠದಲ್ಲಿ ಊಟಕ್ಕೆ ಗಂಟೆ ಹೊಡೆದಂತೆ, ರಾತ್ರಿಯಾಯಿತೆಂದು ಮೈಗೆಲ್ಲ ಸಾರುತ್ತದೆ. ಪ್ರಾಯಕ್ಕೆ ಬಂದವರಲ್ಲಿ ಈ ಗಂಟೆ ಒಂದೆರಡು ತಾಸು ತಡವಾಗಿ ಹೊಡೆಯುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ನಿದ್ರಾ ವಿಜ್ಞಾನಿ ಮೇರಿ ಕಾರ್ಸ್ಕಡನ್ ದಶಕಗಳ ಕಾಲ ಅಳೆದು ನೋಡಿದ್ದು ಇದನ್ನೇ. ಇಪ್ಪತ್ತರ ಆಸುಪಾಸಿನವರೆಗೆ ಹೀಗೆ ಹಿಂದೆ ಸರಿಯುವ ಗಡಿಯಾರ ಆಮೇಲೆ ಮೆಲ್ಲಗೆ ಮುಂದಕ್ಕೆ ಬರುತ್ತದೆ. ನಾಲ್ಕಕ್ಕೇ ಕಣ್ಣು ಬಿಡುವ ಅಜ್ಜನದು ಶಿಸ್ತು, ಮೊಮ್ಮಗನದು ಸೋಮಾರಿತನ ಎಂದು ನಾವು ಸುಮ್ಮನೆ ಹೆಸರಿಟ್ಟಿದ್ದೇವೆ.

ಈ ಒಳಗಡಿಯಾರದ ಸುಳಿವು ಮೊದಲು ಸಿಕ್ಕಿದ್ದು ಒಂದು ಗಿಡದಲ್ಲಿ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೆರಾನ್ ನಮ್ಮ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟ. ಬಿಸಿಲು ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿತು, ಮಡಚಿತು. ಹೊತ್ತು ಗಿಡದೊಳಗೇ ಇತ್ತು! ಆ ಗಡಿಯಾರದ ಹಲ್ಲುಚಕ್ರಗಳನ್ನು ಹಣ್ಣಿನ ನೊಣದ ಜೀನುಗಳಲ್ಲಿ ಪತ್ತೆ ಮಾಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ನೊಣಗಳ ಗಡಿಯಾರದ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಆ ವಿದ್ಯೆ ಪಕ್ಕದ ಬೀದಿಯ ಟ್ಯೂಷನ್ ಕೋಣೆಗೆ ಇನ್ನೂ ತಲುಪಿಲ್ಲ.

ಎಲ್ಲ ಮೊಬೈಲಿನಿಂದ ಎನ್ನುವವರಿದ್ದಾರೆ. ರಾತ್ರಿಯ ಬೆಳಕು ಗಡಿಯಾರವನ್ನು ಇನ್ನಷ್ಟು ಹಿಂದೆ ತಳ್ಳುವುದು ನಿಜ, ಮೊಬೈಲನ್ನು ಕಿತ್ತಿಡಿ. ಆದರೆ ಪ್ರಾಯಕ್ಕೆ ಬರುವ ರೀಸಸ್ ಕೋತಿಗಳಲ್ಲೂ ಇಂಥದೇ ವಿಳಂಬ ಕಂಡಿದೆ. ಅವುಗಳ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಹಾಗಿದ್ದರೆ ಶಾಲೆಯ ಹೊತ್ತನ್ನೇ ಸರಿಸಬಹುದಲ್ಲ? ಶಾಲೆ ತಡವಾಗಿ ಶುರುವಾದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಎಂಬ ಅನುಮಾನ ನನಗೂ ಇತ್ತು. 2016ರಲ್ಲಿ ಅಮೆರಿಕದ ಸಿಯಾಟಲ್ ನಗರ ತನ್ನ ಪ್ರೌಢಶಾಲೆಗಳ ಗಂಟೆಯನ್ನು 7.50ರಿಂದ 8.45ಕ್ಕೆ ಸರಿಸಿತು. ಮಣಿಕಟ್ಟಿಗೆ ಮಾಪಕ ಕಟ್ಟಿ ನೋಡಿದರೆ, ಮಕ್ಕಳು ದಿನಕ್ಕೆ ಸುಮಾರು 34 ನಿಮಿಷ ಹೆಚ್ಚು ನಿದ್ದೆ ಮಾಡುತ್ತಿದ್ದರು. ಮಲಗುವ ಹೊತ್ತು ಹೆಚ್ಚುಕಡಿಮೆ ಮೊದಲಿನದೇ. ಬಸ್ಸುಗಳ ಲೆಕ್ಕ ಹೊಂದಿಸಲು ಬಹುಪಾಲು ಚಿಕ್ಕ ಮಕ್ಕಳ ಶಾಲೆಗಳನ್ನು ಅಲ್ಲಿ ಮುಂಚಿತವಾಗಿ ತೆರೆದರು. ಚಿಕ್ಕವರು ಹೇಗೂ ಬೇಗ ಏಳುವವರು, ಜಾಣ ಅದಲುಬದಲು. 2022ರಿಂದ ಕ್ಯಾಲಿಫೋರ್ನಿಯಾದಲ್ಲಿ ಪ್ರೌಢಶಾಲೆ 8.30ಕ್ಕಿಂತ ಮೊದಲು ಶುರುವಾಗಬಾರದೆಂಬ ಕಾನೂನೇ ಜಾರಿಯಲ್ಲಿದೆ. ಫ್ಲಾರಿಡಾ 2023ರಲ್ಲಿ ಅಂಥದೇ ಕಾನೂನು ಮಾಡಿ, ಬಸ್ಸಿನ ಖರ್ಚಿಗೆ ಹೆದರಿ, 2025ರಲ್ಲಿ ಹಿಂತೆಗೆದುಕೊಂಡಿತು.

ನಮ್ಮಲ್ಲಿಯೂ ಅಡ್ಡಿಯಾಗುವುದು ಬಸ್ಸೇ. ಹತ್ತಕ್ಕೆ ಬಾಗಿಲು ತೆರೆಯುವ ಹಳ್ಳಿಯ ಸರಕಾರಿ ಶಾಲೆ ಈ ವಿಷಯದಲ್ಲಿ ನಗರದ ದುಬಾರಿ ಶಾಲೆಗಿಂತ ಮುಂದಿದೆ. ನಗರದ ವ್ಯಾನು ಎರಡು ಸುತ್ತು ಹೊಡೆಯಬೇಕು, ಟ್ರಾಫಿಕ್ ತಪ್ಪಿಸಬೇಕು. ಹಾಗಾಗಿ ನಮ್ಮ ಬೀದಿಯ ಒಂಬತ್ತನೇ ತರಗತಿಯ ಹುಡುಗನೊಬ್ಬ ಆರೂಮುಕ್ಕಾಲಿಗೇ ಹತ್ತುತ್ತಾನೆ. ಮೊದಲು ಹತ್ತುವವನಾದ್ದರಿಂದ ಅವನಿಗೆ ಕಿಟಕಿಯ ಪಕ್ಕದ ಸೀಟು ಖಾಯಂ. ವ್ಯಾನು ತಿರುವು ದಾಟುವಷ್ಟರಲ್ಲಿ ಅವನ ಹಣೆ ಗಾಜಿಗೆ ಒರಗಿರುತ್ತದೆ.