ಗೇಮಿನ ಲಾಯದಲ್ಲಿ ಕುದುರೆ ಯಾಕಿಲ್ಲ?

ಹಡಗಿನಲ್ಲೇ ಕುದುರೆ ಸತ್ತರೂ ವ್ಯಾಪಾರಿಗೆ ನಷ್ಟವಿರಲಿಲ್ಲ. ಅದರ ಬಾಲ ತಂದು ತೋರಿಸಿದರೆ ಸಾಕು, ಬದುಕಿರುವ ಕುದುರೆಗೆ ಕೊಡುವಷ್ಟೇ ಹಣ ಎಣಿಸಿಕೊಡುತ್ತಿದ್ದರು. ಪರ್ಷಿಯಾ ಕೊಲ್ಲಿಯ ಹೊರ್ಮುಜ್ ಮತ್ತು ಯೆಮೆನ್‌ನ ಏಡನ್ ಬಂದರುಗಳಿಂದ ಬರುತ್ತಿದ್ದ ವ್ಯಾಪಾರಿಗಳ ಜೊತೆ ವಿಜಯನಗರದ ಸಾಳುವ ನರಸಿಂಹ ಹೀಗೆ ವ್ಯವಹಾರ ಮಾಡುತ್ತಿದ್ದನಂತೆ. 16ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಮಾತು ಇದು.

ಬಾಲಕ್ಕೂ ಬೆಲೆ ಕೊಡುವಷ್ಟು ಬರ ಯಾಕಿತ್ತು? ನನಗೆ ಈ ಪ್ರಶ್ನೆ ಹುಟ್ಟಿದ್ದು ಒಂದು ಗೇಮ್ ಆಡುವಾಗ.

ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಆಟದಲ್ಲಿ ಒಂದೊಂದು ಜನಾಂಗಕ್ಕೂ ಒಂದೊಂದು ಗುಣ ಕೊಟ್ಟಿದ್ದಾರೆ. ಇಂಗ್ಲಿಷರ ಬಾಣ ದೂರ ಹೋಗುತ್ತದೆ, ಮಂಗೋಲರ ಕುದುರೆಸವಾರರು ಜೋರು, ಹೀಗೆ. ಮೊದಲು ನಮ್ಮನ್ನೆಲ್ಲ 'ಇಂಡಿಯನ್ಸ್' ಎಂದು ಒಂದೇ ಗಂಟು ಕಟ್ಟಿದ್ದರು. 2022ರಲ್ಲಿ ಆ ಗಂಟು ಬಿಚ್ಚಿ ಹಿಂದುಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿದರು. ನಾನು ಖುಷಿಯಿಂದ ದ್ರಾವಿಡರನ್ನು ಆರಿಸಿಕೊಂಡೆ. ಲಾಯ ಕಟ್ಟಿ ನೋಡಿದರೆ ಭಾರಿ ಕವಚದ ಕುದುರೆಸವಾರ, ಅಂದರೆ 'ನೈಟ್', ಪಟ್ಟಿಯಲ್ಲೇ ಇಲ್ಲ. ಹಗುರ ಸವಾರರು, ಆನೆ, ಅಷ್ಟೇ. ಕಾಲಾಳು ಮತ್ತು ಹಡಗು ಇವರ ಬಲ ಎಂದು ಆಟ ಹೇಳುತ್ತದೆ.

ಇದು ಸುಮ್ನೆ ಕೊಟ್ಟ ಗುಣವಲ್ಲ. ಅದರ ಹಿಂದೆ ನಿಜವಾದ ಜೀವವಿಜ್ಞಾನ ಇದೆ.

ಕುದುರೆ ಒಣ ಹುಲ್ಲುಗಾವಲಿನ ಪ್ರಾಣಿ. ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲ. ಅದರ ಜಠರ ಚಿಕ್ಕದು, ದೊಡ್ಡ ಕರುಳು ಭಾರಿ. ದಿನವಿಡೀ ಸ್ವಲ್ಪಸ್ವಲ್ಪ ಹುಲ್ಲು ಮೇಯಬೇಕು. ಆ ನಾರನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ನಿಧಾನವಾಗಿ ಅರಗಿಸುತ್ತವೆ. ಒಮ್ಮೆಲೇ ಕಾಳು, ಧಾನ್ಯ ಜಾಸ್ತಿ ತಿನ್ನಿಸಿದರೆ ಪಿಷ್ಟ ಅರಗದೆ ಅಲ್ಲಿಗೇ ಇಳಿಯುತ್ತದೆ. ಹುಳಿ ಏರುತ್ತದೆ, ಬೇಕಾದ ಜೀವಿಗಳು ಸಾಯುತ್ತವೆ, ವಿಷ ರಕ್ತಕ್ಕೆ ಸೇರುತ್ತದೆ. ಕೆಟ್ಟಿದ್ದು ಹೊಟ್ಟೆ, ಆದರೆ ಪೆಟ್ಟು ಬೀಳುವುದು ಕಾಲಿಗೆ. ಗೊರಸಿನ ಒಳಪದರ ಊದಿಕೊಂಡು, ಒಳಗಿನ ಮೂಳೆಯನ್ನು ಹಿಡಿದಿಟ್ಟ ಅಂಟು ಬಿಡುತ್ತದೆ. ಕುದುರೆ ಕುಂಟಾಗುತ್ತದೆ.

13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡು ಕಂಡ ಮಾರ್ಕೊ ಪೋಲೊ, ಅಲ್ಲಿ ಕುದುರೆಗಳಿಗೆ ಅಕ್ಕಿಯ ಜೊತೆ ಬೇಯಿಸಿದ ಮಾಂಸ ತಿನ್ನಿಸುತ್ತಾರೆ ಎಂದು ಬರೆದಿದ್ದಾನೆ. ಎಂಥ ಒಳ್ಳೆಯ ಗಂಡು, ಹೆಣ್ಣು ಕುದುರೆ ಕೂಡಿಸಿದರೂ ಹುಟ್ಟುವುದು ಸೊಟ್ಟಗಾಲಿನ ಮರಿ ಎಂದೂ ಹೇಳುತ್ತಾನೆ. ಇದರ ಮೇಲೆ ನಮ್ಮ ಸೆಕೆ ಬೇರೆ. ಕುದುರೆ ಮನುಷ್ಯರ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈಯ ಉಪ್ಪು ಮಾತ್ರ ಸೋರಿಹೋಗುತ್ತದೆ.

ಇಷ್ಟರ ಮಟ್ಟಿಗೆ ಆಟ ಸರಿ. ಆದರೆ ಕುದುರೆ ಹುಲುಸಾಗಿ ಬೆಳೆಯದ ನಾಡು ಬೇರೆ, ಕುದುರೆ ಇಲ್ಲದ ನಾಡು ಬೇರೆ ಅಲ್ವಾ? ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ಹೋಗಿ, ಕಲ್ಲಿನ ಪಟ್ಟಿಕೆಗಳಿಗೆ ಮುಖ ಹತ್ತಿರ ತಂದು ನೋಡಿ. ಗಡ್ಡ ಬಿಟ್ಟ, ಟೋಪಿ ತೊಟ್ಟ ಪರದೇಶಿಗಳು ಕುದುರೆಗಳನ್ನು ಹಿಡಿದು ಬರುತ್ತಿದ್ದಾರೆ. ತಾನಿದ್ದ ಕಾಲದಲ್ಲಿ ರಾಜ ಹೊರ್ಮುಜ್‌ನ ಕುದುರೆ, ನಾಡಕುದುರೆ ಎಲ್ಲ ಸೇರಿ ವರ್ಷಕ್ಕೆ 13,000 ಕೊಳ್ಳುತ್ತಿದ್ದ ಎಂದು ನೂನಿಜ್ ಹೇಳುತ್ತಾನೆ. ಲೆಕ್ಕ ಸ್ವಲ್ಪ ಉಬ್ಬಿಸಿದ್ದರೂ ಇರಬಹುದು. ಭಟ್ಕಳ, ಗೋವಾ ಬಂದರುಗಳು ಈ ವ್ಯಾಪಾರದಿಂದ ಕೊಬ್ಬಿದವು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಕುದುರೆ ಯಾರಿಗೆ ಸಿಗಬೇಕು ಎನ್ನುವುದೇ ರಾಜಕಾರಣವಾಯಿತು.

ಅದಕ್ಕಿಂತ ನನಗೆ ಇಷ್ಟವಾದ ಪ್ರಸಂಗ ವಿಜಯನಗರದ ಎರಡನೇ ದೇವರಾಯನದು. ಬಹಮನಿಗಳ ಎದುರು ನಾವು ಪದೇಪದೇ ಸೋಲುವುದು ಯಾಕೆ ಎಂದು ಅವನು ಸಭೆ ಕರೆದು ಕೇಳಿದನಂತೆ. ಅವರ ಕುದುರೆ ಗಟ್ಟಿ, ಅವರ ಬಿಲ್ಲುಗಾರರು ಚೆನ್ನಾಗಿದ್ದಾರೆ ಎಂಬ ಉತ್ತರ ಬಂತು. ದೇವರಾಯ ಮುಸ್ಲಿಂ ಸೈನಿಕರನ್ನು ಕೆಲಸಕ್ಕೆ ಸೇರಿಸಿಕೊಂಡ, ಅವರಿಗೆ ಜಹಗೀರು ಕೊಟ್ಟ, ಮಸೀದಿ ಕಟ್ಟಿಸಿದ, ತನ್ನವರಿಗೂ ಬಿಲ್ವಿದ್ಯೆ ಕಲಿಸಲು ಹೇಳಿದ ಎಂದು ಪರ್ಷಿಯನ್ ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. 15ನೇ ಶತಮಾನದ ಒಬ್ಬ ರಾಜ ತನ್ನ ಸೈನ್ಯದ 'ಗುಣ'ವನ್ನು ಒಂದೇ ಆಳ್ವಿಕೆಯಲ್ಲಿ ತಿದ್ದಲು ಹೊರಟಿದ್ದ! ಆಟದಲ್ಲಿ ಮಾತ್ರ ಅದು ಹಣೆಬರಹದಂತೆ ಮೊದಲೇ ಬರೆದಿರುತ್ತದೆ.

ಇಂಗ್ಲಿಷರ ಬಿಲ್ಲಿನದೂ ಇದೇ ಕತೆ. ಅದು ರಕ್ತದಲ್ಲಿ ಬಂದದ್ದಲ್ಲ. ಹಬ್ಬದ ದಿನ ಬೇರೆ ಆಟ ಬಿಟ್ಟು ಬಿಲ್ಲು ಹಿಡಿಯಿರಿ ಎಂದು 1363ರಲ್ಲಿ ಮೂರನೇ ಎಡ್ವರ್ಡ್ ಆಜ್ಞೆಯನ್ನೇ ಹೊರಡಿಸಬೇಕಾಯಿತು.

ದ್ರಾವಿಡರಿಗೆ ಆಟ ಕೊಟ್ಟ ಇನ್ನೊಂದು ಗುಣ 'ವೂಟ್ಸ್ ಸ್ಟೀಲ್'. ಅದನ್ನು ಪಡೆದರೆ ನಮ್ಮವರ ಕತ್ತಿಗೆ ಶತ್ರುವಿನ ಕವಚ ಲೆಕ್ಕಕ್ಕೇ ಇಲ್ಲ. ಈ ಹೆಸರು ನಮ್ಮ 'ಉಕ್ಕು' ಎಂಬ ಮಾತೇ ಇಂಗ್ಲಿಷರ ಕೈಯಲ್ಲಿ ರೂಪ ಬದಲಿಸಿದ್ದು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಟ್ಟಿಗೆ, ಒಂದೆರಡು ಹಸಿರೆಲೆ ಇಟ್ಟು, ಬಾಯಿ ಮೆತ್ತಿ, ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ, ಸುಮಾರು 1.5% ಇಂಗಾಲವಿರುವ ಗಟ್ಟಿ ಉಕ್ಕು ಆಗುತ್ತಿತ್ತು. ಚಿತ್ರದುರ್ಗ ಸೀಮೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರು ಸಿಕ್ಕಿವೆ. ಈ ಉಕ್ಕಿನ ಅಲಗು ಬೇಗ ಮೊಂಡಾಗುವುದಿಲ್ಲ, ನಿಜ. ಆದರೆ ಕವಚವನ್ನು ಬೆಣ್ಣೆಯಂತೆ ಸೀಳುತ್ತದೆ ಎನ್ನುವುದು ಅತಿಯಾಯಿತು. ಇದರ ನಿಜವಾದ ಅಚ್ಚರಿ ಕಮ್ಮಾರನ ಕೈಯಲ್ಲಿತ್ತು. ಬಡಿಯುವಾಗ ಕಾವು ಸ್ವಲ್ಪ ಏರಿದರೂ ಉಕ್ಕು ಪುಡಿಯಾಗುತ್ತದೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಗಳೂ ಇದರ ಗುಟ್ಟು ಹುಡುಕಲು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು.

12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇಲ್ಲಿಂದ ಏಡನ್‌ಗೆ ಕಬ್ಬಿಣ ಕಳಿಸುತ್ತಿದ್ದ. ಅವನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. ಮುಂದೆ ನರಸಿಂಹನಿಗೆ ಕುದುರೆ ಬಂದದ್ದೂ ಅದೇ ಏಡನ್‌ನಿಂದ. ಗೇಮಿನಲ್ಲೂ ವ್ಯಾಪಾರದ ಹಡಗು ಇದೆ. ಮಿತ್ರನ ಬಂದರಿಗೆ ಹೋಗಿಬರುತ್ತದೆ. ಆದರೆ ಅದು ತರುವುದು ಬರೀ ಚಿನ್ನ. ಅದರಲ್ಲಿ ಕುದುರೆ ಇಳಿಯುವಂತೆ ಮಾಡಿದ್ದರೆ ನನ್ನ ಲಾಯವೂ ತುಂಬುತ್ತಿತ್ತು.