ಕೂಲೆಂಟ್ ಯಾವಾಗ ಬದಲಿಸಬೇಕು? ಬೋರ್‌ವೆಲ್ ನೀರಿನ ಸೀಮೆಯವರಿಗೆ ಒಂದು ಟಿಪ್ಪಣಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ ಕಡೆ ಸ್ನಾನದ ಹಂಡೆಯೊಳಗೆ ಕೈಯಾಡಿಸಿದರೆ ಬಿಳಿ ಪೊರೆ ಉಗುರಿಗೆ ಹತ್ತುತ್ತದೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾದಾಗ ಹೀಗೆ ಕಟ್ಟುತ್ತವೆ. ಅದೇ ನೀರನ್ನು ರೇಡಿಯೇಟರ್‌ಗೆ ಸುರಿದರೆ ಪೊರೆ ಅದರ ಸಣ್ಣ ಟ್ಯೂಬುಗಳಲ್ಲಿ ಕೂರುತ್ತದೆ, ಶಾಖ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಆದ್ದರಿಂದ ನಮ್ಮ ಕಡೆ ಯಾವ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಎಂಬಷ್ಟೇ ಮುಖ್ಯ, ಅದಕ್ಕೆ ಯಾವ ನೀರು ಬೆರೆಸಿದರು ಎಂಬುದು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ.

ಕೂಲೆಂಟ್‌ನಲ್ಲಿರುವುದು ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳು. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಬರೀ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್, ಒತ್ತಡ ಹಿಡಿದಿಡುವ ಕ್ಯಾಪ್ ಎರಡೂ ಸರಿಯಿದ್ದರೆ 120 ಡಿಗ್ರಿಯಲ್ಲೂ ಕುದಿಯದು. ಕ್ಯಾಪ್‌ನ ರಬ್ಬರ್ ಬಿರಿದಿದ್ದರೆ ಒತ್ತಡ ನಿಲ್ಲುವುದಿಲ್ಲ, ಎಷ್ಟೇ ಒಳ್ಳೆಯ ಕೂಲೆಂಟ್ ಹಾಕಿದ್ದರೂ ಏರಿನಲ್ಲಿ ಕುದಿದು ಉಕ್ಕಬಹುದು.

ಗ್ಲೈಕಾಲ್ ಬೇಗ ಕೆಡುವುದಿಲ್ಲ, ಮೊದಲು ಸವೆಯುವುದು ತುಕ್ಕು ತಡೆಯುವ ಅಂಶ. ಅದು ಸವೆದರೂ ಬಣ್ಣ ಹಾಗೇ ಇರುತ್ತದೆ. ಬಣ್ಣ ನೋಡಿ ‘ಇನ್ನೂ ಚೆನ್ನಾಗಿದೆ’ ಎನ್ನಬೇಡಿ, ಬಣ್ಣ ನೋಡಿ ಎರಡು ಬಗೆಯದನ್ನು ಬೆರೆಸಲೂ ಬೇಡಿ. ಹಳೆಯ ಬಗೆಯ ಕೂಲೆಂಟ್‌ಗೆ ಸಾಮಾನ್ಯವಾಗಿ 2 ವರ್ಷ ಅಥವಾ 40,000 ಕಿ.ಮೀ., ದೀರ್ಘ ಬಾಳಿಕೆಯದಕ್ಕೆ 5 ವರ್ಷ ಅಥವಾ ಹೆಚ್ಚು. ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಅಂತಿಮ. ಗಾಡಿ ಓಡದೆ ನಿಂತಿದ್ದರೂ ವರ್ಷದ ಲೆಕ್ಕ ತಪ್ಪದು.

ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿಯಲ್ಲಿ ಕ್ಯಾಪ್ ತಿರುಗಿಸಿದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ಕೆಳಗಿನ ಡ್ರೈನ್ ಬಿಚ್ಚಿ ಹಳೆಯದನ್ನು ಡಬ್ಬಕ್ಕೆ ಹಿಡಿದು ಮುಚ್ಚಿಡಿ. ಅದು ಸಿಹಿ, ನಾಯಿಯೋ ಕರುವೋ ನೆಕ್ಕಿದರೆ ಪ್ರಾಣಕ್ಕೇ ಕುತ್ತು. ಚರಂಡಿಗೆ ಬಿಡಲೇಬೇಡಿ. ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ, ಎಂಜಿನ್ ಓಡಿಸಿ, ತಣಿದ ಮೇಲೆ ಮತ್ತೆ ಇಳಿಸಿ. ಬರುವ ನೀರು ತಿಳಿಯಾಗುವವರೆಗೆ ಇದೇ ಕೆಲಸ.

ಹೆಚ್ಚು ಜನ ಎಡವುವುದು ಇದರ ಮುಂದೆ. ಒಟ್ಟು 5 ಲೀಟರ್ ಹಿಡಿಯುವ ಎಂಜಿನ್ನಿಂದ 3 ಲೀಟರ್ ಮಾತ್ರ ಇಳಿಯಿತು ಎನ್ನಿ. ತೊಳೆದ ನೀರು 2 ಲೀಟರ್ ಎಂಜಿನ್ ಬ್ಲಾಕ್‌ನಲ್ಲೇ ಉಳಿದಿದೆ. ಈಗ ಅರ್ಧಕ್ಕರ್ಧ ಬೆರೆಸಿ ಮಾರುವ ಕೂಲೆಂಟ್ 3 ಲೀಟರ್ ಹಾಕಿದರೆ ಒಳಗಿನ ಸಾಂದ್ರತೆ ಶೇ 30ಕ್ಕೆ ಇಳಿಯುತ್ತದೆ. ಅದರ ಬದಲು ನೀರು ಬೆರೆಸದ ಕೂಲೆಂಟ್ 2.5 ಲೀಟರ್, ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್ ಹಾಕಿ, ಶೇ 50 ಸರಿಯಾಗಿ ಬರುತ್ತದೆ.

ಕೊನೆಗೆ ಗಾಳಿ ತೆಗೆಯಬೇಕು. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಹೀಟರ್‌ನಿಂದ ತಣ್ಣನೆ ಗಾಳಿ ಬರುತ್ತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಮರುದಿನ ಬೆಳಿಗ್ಗೆ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ನೋಡಿ, ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಇರಬೇಕು. ಪದೇಪದೇ ಇಳಿಯುತ್ತಿದ್ದರೆ ತುಂಬಿಸುತ್ತಾ ಕೂರಬೇಡಿ. ಹೋಸು, ವಾಟರ್ ಪಂಪು, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ.

ಉಳಿದವು ಚುಟುಕಾಗಿ. ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೆ. ಕಲ್ಲು ಕ್ವಾರಿಗಳ ರಸ್ತೆಯಲ್ಲಿ ದಿನವೂ ಓಡುವವರು ಏರ್ ಫಿಲ್ಟರ್‌ಗೆ ಕೈಪಿಡಿಯ ಗಡುವು ಕಾಯದೆ ಪ್ರತಿ ಸರ್ವಿಸ್‌ನಲ್ಲೂ ಬಿಚ್ಚಿ ನೋಡಲಿ. ಬ್ರೇಕ್ ಆಯಿಲ್ ಸಾಮಾನ್ಯವಾಗಿ 2 ವರ್ಷಕ್ಕೆ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಮಾನದಂಡದಲ್ಲಿ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ್ದಕ್ಕೆ 155. ನಂದಿಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆಯಿಲ್ ಕುದಿದು ಆವಿಯಾಗಿ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ.

ಟೈಮಿಂಗ್ ಬೆಲ್ಟ್ ಇರುವ, ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವ ಎಂಜಿನ್ ಆದರೆ ಬೆಲ್ಟಿನ ಜೊತೆಗೇ ಪಂಪನ್ನೂ ಬದಲಿಸಿ. ಪಂಪ್ ಬಿಚ್ಚುವಾಗ ಕೂಲೆಂಟ್ ಹೇಗೂ ಇಳಿಸಲೇಬೇಕು, ಹೊಸ ಕೂಲೆಂಟಿನ ದಿನಾಂಕವನ್ನು ಅಂದೇ ಬಾನೆಟ್ ಒಳಗೆ ಬರೆದು ಅಂಟಿಸಿ.